ಅಕ್ಕೋರ ಮುಯ್ಯಿ

ಚಾಕ್‌ಪೀಸನ್ನು ನೀರಿನಲ್ಲಿ ನೆನೆಸಿ ಕ್ಯಾನ್ವಾಸ್ ಬೂಟಿಗೆ ತಿಕ್ಕಿದರೆ ಒಂದು ವಾಸನೆ ಬರುತ್ತದೆ. ಹಸಿ ಸುಣ್ಣದ್ದೂ ಅಲ್ಲ, ಒದ್ದೆ ಬಟ್ಟೆಯದೂ ಅಲ್ಲ, ಎರಡೂ ಕೂಡಿದ್ದು. ಈ ತಿಂಗಳ ಮೊದಲಲ್ಲಿ ನನ್ನ ಮಗಳು ಶಾಲೆಯ ಕವಾಯತಿಗೆಂದು ತನ್ನ ಬಿಳಿ ಬೂಟು ತಂದು ಮುಂದಿಟ್ಟಳು. ಪಾಲಿಶ್ ಬಾಟಲಿ ಒಣಗಿ ಹೋಗಿತ್ತು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳಿಗೆ ಮತ್ತೆ ಅಂಗಡಿಗೆ ಹೋಗುವ ಹುಮ್ಮಸ್ಸು ಎಲ್ಲಿಂದ ಬರಬೇಕು. ಮನೆಯಲ್ಲಿದ್ದ ಒಂದು ಚಾಕ್‌ಪೀಸ್ ನೆನೆಸಿ ತಿಕ್ಕತೊಡಗಿದೆ. ಮಗಳು ಮೂಗು ಮುರಿದಳು. ನಾನು ಬೂಟು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ... ಆ ವಾಸನೆಯ ಹಿಂದೆಯೇ ನಮ್ಮ ಡ್ರಿಲ್ ಟೀಚರು, ನಮ್ಮ ಅಕ್ಕೋರು ಬಂದಿದ್ದರು. ಕೊರಳಲ್ಲಿ ಸೀಟಿ, ಮೈಮೇಲೆ ನೂಲಿನ ಸೀರೆ, ಕಾಲಲ್ಲಿ ಬಿಳಿ ಬೂಟು.

ಸೀರೆಯ ಮೇಲೆ ಬೂಟು ಹಾಕಿದ ಹೆಂಗಸನ್ನು ನಮ್ಮೂರು ಅದಕ್ಕೂ ಮೊದಲು ಕಂಡಿರಲಿಲ್ಲ. ಗಂಗಾವತಿ ಕಡೆಯ ಸಿದ್ದಾಪುರದಿಂದ ಒಳಗೆ ಹೋದರೆ ಸಿಗುವ ಊರು ನಮ್ಮದು. ಸುತ್ತ ಎತ್ತ ನೋಡಿದರೂ ಕಾಲುವೆ ನೀರು, ಭತ್ತದ ಗದ್ದೆ. ಅಕ್ಕೋರು ಬಂದದ್ದು ಕುಷ್ಟಗಿ ಕಡೆಯ ಖುಷ್ಕಿ ಸೀಮೆಯಿಂದ. ಮಳೆ ನೋಡಿ ಬಿತ್ತುವ ಕಡೆಯವರು, ಸಜ್ಜೆ ರೊಟ್ಟಿ ತಿಂದು ಬೆಳೆದವರು. ನಮ್ಮ ಅನ್ನದ ಊಟ ಅವರಿಗೆ ಹೊಟ್ಟೆ ತುಂಬಿಸುತ್ತಿರಲಿಲ್ಲವಂತೆ. ಗುಡಿಯ ಹಿಂದಿನ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಮದುವೆ ಆಗಿದೆಯೋ ಇಲ್ಲವೋ ಎಂದು ಊರಿಗೆ ಊರೇ ತಲೆ ಕೆಡಿಸಿಕೊಂಡಿತ್ತು, ಕೇಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ಅವರು ನೋಡಿದರೆ ಎದುರಿಗಿದ್ದವರು ತಾವಾಗಿಯೇ ನೆಟ್ಟಗೆ ನಿಲ್ಲುತ್ತಿದ್ದರು. ನಮ್ಮ ಅಪ್ಪ ಕೂಡ ಅವರನ್ನು ಕಂಡರೆ ಬೀಡಿಯನ್ನು ಬೆನ್ನ ಹಿಂದೆ ಮುಚ್ಚಿಕೊಳ್ಳುತ್ತಿದ್ದ.

ನಾನು ಎಂಟನೇ ಕ್ಲಾಸಿಗೆ ಹೋದ ವರ್ಷ ಅವರು ನಮ್ಮ ಹೈಸ್ಕೂಲಿಗೆ ಬಂದರು. ಬಂದವರೇ ಮುರುಕು ಬೆಂಚುಗಳನ್ನು ಒಟ್ಟಿದ್ದ ಕೋಣೆಯ ಬೀಗ ತೆಗೆಸಿದರು. ಒಳಗೆ ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮರು ಕೊಟ್ಟಿದ್ದ ಬ್ಯಾಂಡಿನ ಸಾಮಾನು ಬಿದ್ದಿತ್ತು. ದೊಡ್ಡ ಡ್ರಮ್ಮಿನೊಳಗೆ ಇಲಿ ಮರಿ ಹಾಕಿತ್ತು. ಬ್ಯೂಗಲ್ ಹಸಿರುಗಟ್ಟಿ ಹೋಗಿತ್ತು. ಲೇಜಿಮುಗಳು ತುಕ್ಕು ಹಿಡಿದು, ಅಲ್ಲಾಡಿಸಿದರೆ ಝಣ್ ಎನ್ನುವ ಬದಲು ಕೆಮ್ಮುತ್ತಿದ್ದವು. ಹುಣಸೆಹಣ್ಣು, ಬೂದಿ, ಸೀಮೆಎಣ್ಣೆ ಹಿಡಿದು ಹುಡುಗಿಯರೆಲ್ಲ ಕೂತು ತಿಕ್ಕಿದೆವು. ಹುಡುಗರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ತಿಕ್ಕಿದವರೇ ಬಾರಿಸತಕ್ಕದ್ದು ಎಂದು ಅಕ್ಕೋರು ಹೇಳಿದ ಮೇಲೆ ಅವರ ನಗು ನಿಂತಿತು. ದೊಡ್ಡ ಡ್ರಮ್ ನನ್ನ ಕೊರಳಿಗೆ ಬಿತ್ತು. ಕಾರಣ ಇಷ್ಟೇ, ನಾನು ದಪ್ಪಗಿದ್ದೆ. ಅಲ್ಲಿಯ ತನಕ ಅದಕ್ಕಾಗಿ ಬೈಸಿಕೊಂಡಿದ್ದವಳಿಗೆ ಮೊದಲ ಸಲ ಅದರಿಂದ ಒಂದು ಮರ್ಯಾದೆ ಸಿಕ್ಕಿತ್ತು.

ಬೂಟು ಎಲ್ಲರ ಬಳಿ ಎಲ್ಲಿದ್ದವು. ಅಕ್ಕೋರು ಗಂಗಾವತಿಯಲ್ಲಿ ಪರಿಚಯದವರ ಮನೆಮನೆಗೆ ಹೋಗಿ ಹಳೆಯ ಬೂಟು ಕೂಡಿಸಿ ಚೀಲದಲ್ಲಿ ತಂದರು. ದೊಡ್ಡದಾದವಕ್ಕೆ ಮೂತಿಯಲ್ಲಿ ಕಾಗದ ತುರುಕುವುದು, ಸಣ್ಣದು ಸಿಕ್ಕವರು ಹಲ್ಲು ಕಚ್ಚಿ ತಡೆದುಕೊಳ್ಳುವುದು. ಚಾಕ್‌ಪೀಸ್ ತಿಕ್ಕಿ ಶಾಲೆಯ ಕಟ್ಟೆಯ ಮೇಲೆ ಸಾಲಾಗಿ ಒಣಗಿಸುತ್ತಿದ್ದೆವು. ಒಂದು ಬೂಟು ಸಾಲು ತಪ್ಪಿದರೂ ಅಕ್ಕೋರು ಕಾಲಿನಿಂದ ಮೆಲ್ಲಗೆ ಸರಿಸಿ ಮುಂದೆ ಹೋಗುತ್ತಿದ್ದರು.

ನಮ್ಮ ಬ್ಯಾಂಡಿಗೂ ಭತ್ತದ ಹಾಗೆ ಒಂದು ಹಂಗಾಮು ಇತ್ತು. ಆಗಸ್ಟ್ ಹದಿನೈದಕ್ಕೆ ಶುರು. ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್ ಹದಿನೇಳಕ್ಕೆ ಇನ್ನೊಮ್ಮೆ ಧ್ವಜ ಏರುತ್ತದೆ. ಆಮೇಲೆ ನವೆಂಬರ್ ಒಂದು, ಕೊನೆಗೆ ಜನವರಿ ಇಪ್ಪತ್ತಾರು. ಮುಂದೆ ಬ್ಯಾಂಡ್, ಹಿಂದೆ ಲೇಜಿಮ್ ಕುಣಿತದ ಹುಡುಗಿಯರ ಸಾಲುಗಳು. ಎಲ್ಲ ಸರಿ, ಆದರೆ ಆಗಸ್ಟ್ ಹದಿನೈದು ಎಂದರೆ ಕಾಲುವೆಗೆ ನೀರು ಬಿಟ್ಟು ನಾಟಿ ಭರದಿಂದ ನಡೆಯುವ ಹೊತ್ತು. ಮೊದಲ ವರ್ಷ ಅಕ್ಕೋರಿಗೆ ಇದು ತಿಳಿಯಲಿಲ್ಲ. ಜುಲೈ ಪೂರ್ತಿ ಕಲಿಸಿದರು, ಆಗಸ್ಟ್ ಬರುವ ಹೊತ್ತಿಗೆ ಸಾಲುಗಳು ಹಲ್ಲು ಮುರಿದ ಬಾಚಣಿಕೆಯ ಹಾಗಾದವು. ಹುಡುಗಿಯರೆಲ್ಲ ಗದ್ದೆಯಲ್ಲಿದ್ದರು. ಗಂಗಾವತಿಯ ಮೈದಾನಕ್ಕೆ ಅರ್ಧ ಬ್ಯಾಂಡ್ ಹೋಗಿ, ನಗೆಪಾಟಲಾಗಿ ಬಂತು.

ಮರುವರ್ಷ ಹೆಡ್ ಮಾಸ್ತರರು ಅಕ್ಕೋರನ್ನು ಕರೆದು ಹೇಳಿಬಿಟ್ಟರು. ಈ ಸಲವೂ ಹಿಂದಿನ ಸಾಲು ಖಾಲಿ ಇದ್ದರೆ ಸಾಮಾನನ್ನೆಲ್ಲ ಬೇರೆ ಶಾಲೆಗೆ ಕೊಟ್ಟುಬಿಡುವುದೆಂದು ಮೇಲಿನವರು ನಿಶ್ಚಯಿಸಿದ್ದಾರೆ, ನಾನೇನೂ ಮಾಡಲಾರೆ ಎಂದರು. ಕಿಟಕಿಯ ಹೊರಗೆ ನಿಂತು ನಾವು ಕೇಳಿಸಿಕೊಂಡೆವು. ಅಕ್ಕೋರು ಹೊರಗೆ ಬಂದು, ಡ್ರಮ್ಮಿನ ಪಟ್ಟಿ ಬಿಗಿ ಮಾಡುತ್ತ ನಿಂತರು. ಅವರ ಚಿಂತೆ ಬರೀ ಸಾಮಾನಿನದಾಗಿರಲಿಲ್ಲ. ನಾಟಿಗೆಂದು ಶಾಲೆ ಬಿಟ್ಟ ಹುಡುಗಿಯರಲ್ಲಿ ಪ್ರತಿ ವರ್ಷ ಕೆಲವರು ಮರಳಿ ಬರುತ್ತಿರಲಿಲ್ಲ. ಗದ್ದೆಯಲ್ಲಿ ಕೈ ಕುದುರಿತೆಂದರೆ ಮನೆಯವರಿಗೆ ಇನ್ನು ಶಾಲೆ ಯಾಕೆ ಎನ್ನಿಸುತ್ತಿತ್ತು. ಆಮೇಲೆ ಮದುವೆ, ಅಲ್ಲಿಗೆ ಮುಗಿಯಿತು. ಮರಳಿ ಬಂದವರು ಬಂದದ್ದು ಗಣಿತದ ಆಸೆಗಲ್ಲ, ಬ್ಯಾಂಡಿನ ಆಸೆಗೆ. ಅದು ಅಕ್ಕೋರಿಗೆ ಗೊತ್ತಿತ್ತು.

ಅವತ್ತು ಸಂಜೆ ಅವರು ನಮ್ಮ ಮನೆಗೆ ಬಂದರು. ನಾಟಿಯ ಗುಂಪಿಗೆ ನನ್ನವ್ವನೇ ಮುಂದಾಳು. ಕೂಲಿ ಕೊಟ್ಟು ಆಳು ಕರೆಯುವ ತಾಕತ್ತಿಲ್ಲದ ಸಣ್ಣ ಮನೆಗಳು ಕೂಡಿ ಕಟ್ಟಿಕೊಂಡ ಗುಂಪು ಅದು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಆಳಿಗೆ ಆಳು, ಅದೇ ಮುಯ್ಯಿ. ಯಾರ ಮನೆಯದು ಯಾರಿಗೆ ಉಳಿದಿದೆ ಎನ್ನುವುದು ಅವ್ವನ ತಲೆಯಲ್ಲಿ ಇರುತ್ತಿತ್ತು, ಒಂದೂ ತಪ್ಪುತ್ತಿರಲಿಲ್ಲ. ಮುಯ್ಯಿ ಉಳಿಸಿಕೊಂಡ ಮನೆಗೆ ನಮ್ಮಲ್ಲಿ ಹೆಣ್ಣು ಕೊಡಲೂ ಹಿಂದೆಮುಂದೆ ನೋಡುತ್ತಿದ್ದರು.

ಅಕ್ಕೋರು ಬೂಟು ಕಳಚಿ ಕಟ್ಟೆಯ ಮೇಲೆ ಕೂತು, ಹುಡುಗಿಯರನ್ನು ಬಿಡಿರೆಂದು ಕೇಳಿದರು. ಅವ್ವ ಗೌರವದಿಂದಲೇ ಇಲ್ಲವೆಂದಳು. ಸಸಿ ಮಡಿಯಲ್ಲಿ ಬಲಿತುಬಿಟ್ಟರೆ ಕೈ ಬಿಟ್ಟ ಹಾಗೆ, ಹದಿನೈದನೇ ತಾರೀಕು ಎಂದು ಅದು ಕಾಯುವುದಿಲ್ಲ ಎಂದಳು.

"ನನ್ನ ಮಗಳನ್ನ ಬಿಟ್ರ, ನಾಳೆ ನಮ್ಮ ಗದ್ದಿಗೆ ಯಾರ್ ಬರ್ತಾರ್ರೀ ಅಕ್ಕೋರ?"

ಅಕ್ಕೋರು ಕಳಚಿಟ್ಟ ಬೂಟುಗಳನ್ನು ಸಾಲಾಗಿ ಸರಿಸಿಟ್ಟರು. ಆಮೇಲೆ, "ಹಂಗಾರ ಆಕಿ ಬದ್ಲಿ ನಾ ಬರ್ತೀನಿ. ಆಳಿಗೆ ಆಳು," ಎಂದರು.

ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಿಮಗೆ ನಾಟಿ ಬರುತ್ತದೆಯೇ ಎಂದು ಕೇಳಿದಳು.

"ಬರೂದಿಲ್ರಿ. ನಿಮ್ಮ ಮಗಳಿಗೂ ಡ್ರಮ್ ಬರ್ತಿರಲಿಲ್ಲ."

ಮರುದಿನ ನಸುಕಿನಲ್ಲಿ ಅಕ್ಕೋರು ಬಂದೇ ಬಂದರು. ಬೂಟುಗಳನ್ನು ಬದುವಿನ ಮೇಲೆ ಜೋಡಿಸಿಟ್ಟು, ಸೀರೆ ಮೇಲೆತ್ತಿ ಕಟ್ಟಿ, ಅವ್ವನ ಪಕ್ಕದ ಸಾಲಿಗೆ ಇಳಿದರು. ಕೊರಳಿಗೆ ದೊಡ್ಡ ಡ್ರಮ್ ಹಾಕಿಕೊಂಡು ಬದುವಿನ ಮೇಲೆ ನಿಲ್ಲುವುದು ನನ್ನ ಕೆಲಸ. ಲೇಜಿಮ್ ಸಂಜೆ ಕಲಿಸಬಹುದು, ಮೊದಲು ಡ್ರಮ್ಮಿನ ಮೇಲೆ ಎಲ್ಲರ ಹೆಜ್ಜೆ ಕೂಡಬೇಕು ಎನ್ನುವುದು ಅಕ್ಕೋರ ವಿಚಾರ. ಶಾಲೆಯ ಸಾಮಾನನ್ನು ಕೆಸರಿಗೆ ಒಯ್ಯುವುದೇ ಎಂದು ಹೆಡ್ ಮಾಸ್ತರರು ಗೊಣಗಿದರಂತೆ. ಕೋಣೆಯಲ್ಲಿ ಇಲಿಗೆ ಮನೆಯಾಗುವುದಕ್ಕಿಂತ ಇದು ವಾಸಿ ಎಂದು ಅಕ್ಕೋರು ಹೇಳಿ ಬಂದಿದ್ದರು.

ನಾನು ಬಡಿಯುತ್ತ ಹೋದೆ. ಗದ್ದೆಯಲ್ಲಿ ಹುಡುಗಿಯರು, ಅವರ ತಾಯಂದಿರು ಬಗ್ಗಿ, ಒಂದು ಪೆಟ್ಟಿಗೆ ಒಂದು ಸಸಿ ಊರಿ, ಮುಂದಿನ ಪೆಟ್ಟಿಗೆ ಕಾಲು ಹಿಂದಕ್ಕೆ ತೆಗೆಯುತ್ತ ಬಂದರು. ಮೊದಮೊದಲು ಎಲ್ಲರಿಗೂ ನಾಚಿಕೆ, ನಗು. ನಾಲ್ಕನೆಯ ದಿನಕ್ಕೆ ನಾನು ಬರುವುದು ಸ್ವಲ್ಪ ತಡವಾದರೆ, ಡ್ರಮ್ ಎಲ್ಲಿ, ಕೈ ಓಡುವುದಿಲ್ಲ ಎಂದು ಹೆಂಗಸರೇ ಕೂಗಲು ಶುರುಮಾಡಿದರು. ಪಕ್ಕದ ಗದ್ದೆಯವರು ನಮಗೂ ಸ್ವಲ್ಪ ಕೇಳಲಿ, ಜೋರಾಗಿ ಬಡಿ ಎನ್ನುತ್ತಿದ್ದರು.

ಅಕ್ಕೋರ ನಾಟಿಯ ಬಗ್ಗೆ ಮಾತ್ರ ಹೇಳದಿರುವುದೇ ಒಳ್ಳೆಯದು. ಅವರು ಊರಿದ ಸಸಿಗಳು ಅವರು ಬೆನ್ನು ತಿರುಗಿಸುವುದರೊಳಗೆ ಮೇಲೆದ್ದು ತೇಲುತ್ತಿದ್ದವು. ಅಕ್ಕೋರ ಸಸಿಗಳು ಈಜು ಕಲಿಯುತ್ತಿವೆ ಎಂದು ಹೆಂಗಸರು ಗೇಲಿ ಮಾಡುತ್ತಿದ್ದರು. ಶಾಲೆಯಲ್ಲಿ ಒಂದು ಬೂಟು ಸಾಲು ತಪ್ಪಿದರೆ ಸಹಿಸದವರ ಸಾಲು ಇಲ್ಲಿ ಹಾವಿನ ಹಾಗೆ ಸೊಟ್ಟಗೆ ಹೋಗುತ್ತಿತ್ತು. ಅವ್ವ ನಮ್ಮನ್ನು ಬೈಯುವ ಹಾಗೆಯೇ ಅವರನ್ನೂ ಬೈಯುತ್ತಿದ್ದಳು, ಕೊನೆಗೊಂದು 'ರೀ' ಸೇರಿಸಿ. ಅವರು ಸುಮ್ಮನೆ ತಲೆಯಾಡಿಸಿ, ಕಿತ್ತು ಮತ್ತೆ ಊರುತ್ತಿದ್ದರು. ಶಾಲೆಯ ಹೊತ್ತಾದಾಗ ಕಾಲುವೆಯಲ್ಲಿ ಕಾಲು ತೊಳೆದು, ಬೂಟು ಹಾಕಿ, ನನ್ನಿಂದ ಡ್ರಮ್ ತೆಗೆದುಕೊಂಡು ಹೋಗುತ್ತಿದ್ದರು. ಆಮೇಲೆ ಅವರ ಸಾಲಿಗೆ ನಾನು ಇಳಿಯುತ್ತಿದ್ದೆ. ರವಿವಾರ ಇಡೀ ದಿನ ಅವರದೇ. ಸೊಂಟ ಹಿಡಿದುಕೊಂಡು ಎದ್ದು ನಿಂತು, ಮುಖದ ಬೆವರು ಮೊಣಕೈಯಿಂದ ಒರೆಸಿಕೊಳ್ಳುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ...

ಹದಿನೈದನೇ ತಾರೀಕು ಗುಂಪಿನ ಹೆಂಗಸರು ಯಾರೂ ಗದ್ದೆಗೆ ಹೋಗಲಿಲ್ಲ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನಮ್ಮ ಹಿಂದೆಯೇ ಗಂಗಾವತಿಗೆ ಬಂದು ಮೈದಾನದ ಗೋಡೆಗೆ ಒರಗಿ ನಿಂತರು. ನಮ್ಮ ಸಾಲುಗಳು ತುಂಬಿದ್ದವು, ಒಬ್ಬ ಹುಡುಗಿಯೂ ತಪ್ಪಿರಲಿಲ್ಲ. ಬೂಟು ಬೆಳ್ಳಗೆ, ಕೈ ಮಾತ್ರ ಕೆಸರಿನಿಂದ ಒಡೆದು ಕಪ್ಪಗೆ. ನಮಗಿಂತ ಮೊದಲು ಪೇಟೆಯ ಶಾಲೆಯೊಂದರ ಹುಡುಗರು ಹೊಸ ಡ್ರೆಸ್ಸಿನಲ್ಲಿ ಮಿಂಚುತ್ತ ಹೋದರು. ನಮ್ಮ ಸರದಿ ಬಂತು. ಅಕ್ಕೋರ ಸೀಟಿ ಆಯಿತು, ಬ್ಯೂಗಲ್ ಆಯಿತು. ನಾನು ಡ್ರಮ್ಮಿಗೆ ಮೊದಲ ಪೆಟ್ಟು ಕೊಟ್ಟೆ.

ಲೇಜಿಮ್ ಹಿಡಿದ ಸಾಲುಗಳೆಲ್ಲ ಹಿಂದಕ್ಕೆ ಹೆಜ್ಜೆ ಇಟ್ಟವು.

ದಿನಾ ಸಂಜೆ ಶಾಲೆಯ ಮೈದಾನದಲ್ಲಿ ಕಲಿಯುವಾಗ ಸರಿಯಾಗಿ ಮುಂದಕ್ಕೇ ನಡೆದಿದ್ದರು. ಆದರೆ ಇಷ್ಟು ಜನರನ್ನು ಕಂಡು ಗಾಬರಿಯಾಗಿದ್ದ ಕಾಲುಗಳಿಗೆ ಡ್ರಮ್ ಎಂದರೆ ಗದ್ದೆ, ಗದ್ದೆ ಎಂದರೆ ಹಿಂದಕ್ಕೆ. ಮುಂದೆ ನಿಂತ ಬ್ಯಾಂಡ್ ಮುಂದೆಯೇ ಉಳಿಯಿತು, ಕುಣಿತದವರು ನಮ್ಮಿಂದ ದೂರ ಸರಿಯುತ್ತ ಹೋದರು. ಗೋಡೆಯ ಬಳಿಯಿದ್ದ ತಾಯಂದಿರಿಗೆ ಏನಾಯಿತೆಂದು ಕೂಡಲೇ ತಿಳಿಯಿತು. ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿದರು. ನನ್ನ ಕೈ ನಿಲ್ಲುವುದರಲ್ಲಿತ್ತು. ಅಕ್ಕೋರನ್ನು ನೋಡಿದೆ. ಅವರು ಕಣ್ಣಿನಲ್ಲೇ, ಬಡಿ, ನಿಲ್ಲಿಸಬೇಡ ಎಂದರು. ಬಡಿದೆ. ಹುಡುಗಿಯರು ಒಂದು ಹೆಜ್ಜೆ ಹಿಂದೆಮುಂದಾಗದೆ, ಒಬ್ಬರ ಭುಜಕ್ಕೆ ಇನ್ನೊಬ್ಬರ ಭುಜ ತಪ್ಪದೆ, ಲೇಜಿಮ್ ಝಣಝಣ ಎನ್ನಿಸುತ್ತ ಮೈದಾನದ ಅಂಚಿನ ತನಕ ಹಿಂದೆ ಹೋದರು. ಅಲ್ಲಿ ಅಕ್ಕೋರು ಸೀಟಿ ಊದಿದರು. ಅಷ್ಟೇ ಚಂದವಾಗಿ ಮುಂದೆ ಬಂದರು. ಮೈದಾನವೆಲ್ಲ ಚಪ್ಪಾಳೆ. ವೇದಿಕೆಯ ಮೇಲಿದ್ದವರು, ಧ್ವಜಕ್ಕೆ ಬೆನ್ನು ತೋರಿಸದೆ ಹೋಗುವ ಇದು ಯಾವುದೋ ಹೊಸ ನಮೂನೆಯ ಕವಾಯತು ಎಂದುಕೊಂಡರಂತೆ. ಹೆಡ್ ಮಾಸ್ತರರು ಅದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಸಾಮಾನು ಬೇರೆ ಶಾಲೆಗೆ ಹೋಗುವ ಮಾತೂ ಅವತ್ತಿಗೆ ಮುಗಿಯಿತು.

ಬಹುಮಾನ ಪೇಟೆಯ ಹುಡುಗರಿಗೇ ಬಂತು. ಟ್ರೇಲರಿನಲ್ಲಿ ಮರಳಿ ಬರುವಾಗ ಹುಡುಗಿಯರು ತಲೆ ತಗ್ಗಿಸಿ, ಅಕ್ಕೋರು ಇನ್ನು ಬೈಯುತ್ತಾರೆ ಎಂದು ಕಾದು ಕೂತಿದ್ದರು. ಅವರು ಮಾತಾಡಲು ಹೋಗಿ ನಗು ತಡೆಯಲಾರದೆ ಕಣ್ಣೀರು ಬರುವಷ್ಟು ನಕ್ಕರು.

"ತಪ್ಪ ಮಾಡೂದಿದ್ರ ಹಿಂಗ ಎಲ್ಲಾರೂ ಕೂಡೇ ಮಾಡ್ಬೇಕು ನೋಡ್ರಿ," ಎಂದರು.

ಆ ವರ್ಷದ ಹಂಗಾಮಿನಂಥದ್ದು ಮತ್ತೆ ಬರಲಿಲ್ಲ. ನಾಟಿ ಮುಗಿಸಿ ಎಲ್ಲ ಹುಡುಗಿಯರೂ ಶಾಲೆಗೆ ಮರಳಿದರು, ಒಬ್ಬಳೂ ಗದ್ದೆಯಲ್ಲೇ ಉಳಿಯಲಿಲ್ಲ. ಸೆಪ್ಟೆಂಬರಿನಲ್ಲಿ ಮುಂದಕ್ಕೇ ನಡೆದೆವು. ನವೆಂಬರಿನಲ್ಲಿ ಹಳದಿ ಕೆಂಪು ಪಟ್ಟಿ ಕಟ್ಟಿಕೊಂಡು ಊರೆಲ್ಲ ಸುತ್ತಿದೆವು. ಜನವರಿಯ ಎರಡನೇ ಬೆಳೆಯ ನಾಟಿಗೆ ಅಕ್ಕೋರು ಯಾರೂ ಕೇಳದೆಯೇ ಬಂದು ಗದ್ದೆಗಿಳಿದರು. ಆಗ ಅವರ ಸಸಿಗಳು ಸ್ವಲ್ಪ ನಿಂತುಕೊಳ್ಳುತ್ತಿದ್ದವು ಎಂದು ಅವ್ವ ಈಗಲೂ ಹೇಳುತ್ತಾಳೆ. ನನಗೇಕೋ ನಂಬಿಕೆಯಿಲ್ಲ. ಬೇಸಿಗೆ ರಜೆಯಲ್ಲಿ ಅವರಿಗೆ ವರ್ಗವಾಯಿತು.

ಹೊರಡುವ ದಿನ ಅವ್ವ ಗುಂಪಿನವರನ್ನೆಲ್ಲ ಕರೆದುಕೊಂಡು ಅವರ ಕೋಣೆಗೆ ಹೋದಳು. ನಿಮ್ಮ ಮುಯ್ಯಿ ನಮ್ಮ ಮೇಲೆ ಉಳಿದಿದೆ, ನಿಮ್ಮ ಹೊಲ ಎಲ್ಲಿದೆ ಹೇಳಿ ಎಂದಳು. ಹುಡುಗಿಯರನ್ನು ಬಿಟ್ಟಿರಲ್ಲ, ಗಂಗಾವತಿಗೂ ಬಂದಿರಲ್ಲ, ತೀರಿತು ಎಂದರು ಅಕ್ಕೋರು. ಅವ್ವ ಒಪ್ಪಲಿಲ್ಲ. ನಮ್ಮ ಮಕ್ಕಳನ್ನು ನೋಡಲು ನಾವು ಹೋದರೆ ಅದು ಹೇಗೆ ಮುಯ್ಯಿಯಾಗುತ್ತದೆ ಎಂದಳು. ಅಕ್ಕೋರು ನಕ್ಕು, ನಮ್ಮದು ಖುಷ್ಕಿ ಭೂಮಿ, ಅಲ್ಲಿ ನಾಟಿಯೂ ಇಲ್ಲ ಗೀಟಿಯೂ ಇಲ್ಲ, ಸುಮ್ಮನೆ ಒಮ್ಮೆ ರೊಟ್ಟಿ ತಿನ್ನಲು ಬನ್ನಿ ಎಂದು ಊರಿನ ದಾರಿ ಹೇಳಿದರು. ಹೋಗೋಣ ಎಂದುಕೊಂಡೆವು. ಮುಂದಿನ ವರ್ಷ, ಅದರ ಮುಂದಿನ ವರ್ಷ... ನನ್ನ ನರ್ಸಿಂಗ್ ಓದು, ಕೊಪ್ಪಳದ ಕೆಲಸ, ಮದುವೆ, ಮಕ್ಕಳು. ವರ್ಷಗಳು ಹೇಗೆ ಹೋದವೋ.

ಬೂಟು ಒಣಗಲು ಇಟ್ಟವಳೇ ನಾನು ಗೆಳತಿಗೆ ಫೋನ್ ಮಾಡಿದೆ. ನಮ್ಮ ಬ್ಯಾಂಡಿನಲ್ಲಿ ಬ್ಯೂಗಲ್ ಊದುತ್ತಿದ್ದವಳು, ಈಗ ಕುಷ್ಟಗಿಯಲ್ಲಿ ಟೀಚರು. ಅಕ್ಕೋರು ಎಲ್ಲಿದ್ದಾರೆ ಗೊತ್ತೇನೇ ಎಂದೆ. ಆಷಾಢದಲ್ಲಿ ತೀರಿಕೊಂಡರಂತೆ, ನನಗೂ ಮೊನ್ನೆ ಗೊತ್ತಾಯಿತು ಎಂದಳು. ರಿಟೈರಾದ ಮೇಲೆ ತಮ್ಮನ ಮನೆಯಲ್ಲಿದ್ದರಂತೆ. ಒಂದು ತಿಂಗಳು ಮೊದಲು ಆ ಬೂಟು ನನ್ನ ಕೈಗೆ ಬಂದಿದ್ದರೆ... ಅಡುಗೆಮನೆಗೆ ಹೋಗಿ ಅತ್ತೆ.

ಊರಲ್ಲಿ ನನ್ನ ಅಣ್ಣನ ಜೊತೆಗಿರುವ ಅವ್ವನಿಗೆ ಫೋನಿನಲ್ಲಿ ಹೇಳಿದೆ. ರವಿವಾರ ಕುಷ್ಟಗಿ ಬಸ್‌ಸ್ಟ್ಯಾಂಡಿಗೆ ಬಾ ಎಂದಳು, ಅಷ್ಟೇ. ಹೋದೆ. ಹಳೆಯ ಗುಂಪಿನ ಇನ್ನಿಬ್ಬರು ಮುದುಕಿಯರ ಜೊತೆ ಬಸ್ಸಿಳಿದಳು. ಕೈಚೀಲದಲ್ಲಿ ಹಣ್ಣು ಇರಬೇಕೆಂದು ಇಸಿದುಕೊಂಡೆ. ಒಳಗೆ ಕಳೆ ತೆಗೆಯುವ ಕುರ್ಪಿಗಳಿದ್ದವು.

ಅಕ್ಕೋರು ಅಂದು ಹೇಳಿದ್ದ ದಾರಿ ಹಿಡಿದು ಅವರ ಊರಿಗೆ ಹೋದೆವು. ಅವರ ತಮ್ಮ ಒಳ್ಳೆಯ ಮನುಷ್ಯ. ಕೂರಿಸಿ ನೀರು ಕೊಟ್ಟು, ಗೋಡೆಯ ಮೇಲಿನ ಫೋಟೋ ತೋರಿಸಿದರು. ಫೋಟೋದಲ್ಲಿ ಕೂದಲು ಬೆಳ್ಳಗಾಗಿತ್ತು, ನೋಟ ಅದೇ. ನಾಲ್ವರೂ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆವು. ಅವ್ವ ಬಂದ ಕೆಲಸ ಹೇಳಿದಳು. ನಿಮ್ಮಕ್ಕ ನಮ್ಮ ಗದ್ದೆಯಲ್ಲಿ ನಾಟಿ ಮಾಡಿದ್ದಾರೆ, ಅದರ ಮುಯ್ಯಿ ಉಳಿದಿದೆ, ಹೊಲ ತೋರಿಸಿದರೆ ಒಂದೆರಡು ಸಾಲು ಕಳೆ ತೆಗೆದು ಹೋಗುತ್ತೇವೆ ಎಂದಳು. ಆತ ನಮ್ಮ ಮುಖಗಳನ್ನು ನೋಡಿದರು.

"ಯಾರೋ ಬ್ಯಾರೆ ಅಕ್ಕೋರಿರಬೇಕ್ರಿ. ನಮ್ಮಕ್ಕಗ ಸಣ್ಣಾಕಿದ್ದಾಗ ಹೊಲದಾಗ ಹಾವು ಕಡದಿತ್ತು. ಅವತ್ತಿಂದ ಸಾಯೂತನಕ ಆಕಿ ಹೊಲಕ್ಕ ಕಾಲಿಟ್ಟಾಕಿ ಅಲ್ಲ."

ನನ್ನ ಕಣ್ಣ ಮುಂದೆ ನಮ್ಮ ಗದ್ದೆ ಬಂತು. ನಸುಕಿನ ಕತ್ತಲು, ಮೊಣಕಾಲು ಮುಳುಗುವ ಕೆಸರು, ಒಳಗೇನಿದೆ ಎಂದು ಕಾಣದ ನೀರು. ಅವರನ್ನು ಎಷ್ಟು ಗೇಲಿ ಮಾಡಿದ್ದೆವು ನಾವು... ಅವ್ವ ಎದ್ದಳು. ಅದೇ ಅಕ್ಕೋರು, ಹೊಲ ತೋರಿಸಿರಿ ಎಂದಳು.

ಊರ ಹೊರಗೆ ಕೆಂಪು ಮಣ್ಣಿನ ಶೇಂಗಾ ಹೊಲ. ಆತ ಬೇಡವೆಂದು ಹೇಳಿ ಹೇಳಿ ಸುಮ್ಮನಾಗಿ ಬದುವಿನ ಮೇಲೆ ಕೂತರು. ಅವ್ವನಿಗೆ ಮಂಡಿ ಮಡಿಸಲು ಬರುವುದಿಲ್ಲ. ಕಾಲು ಚಾಚಿ ಕೂತು, ತೆವಳುತ್ತ ತೆವಳುತ್ತ ಕಳೆ ಕಿತ್ತಳು. ನಾನೂ ಒಂದು ಸಾಲು ಹಿಡಿದೆ. ಯಾರೂ ಹಾಡಲಿಲ್ಲ, ಯಾರೂ ನಗಲಿಲ್ಲ. ಹೊತ್ತು ಇಳಿಯುವಾಗ ಅವ್ವನ ಸಾಲು ಮುಗಿಯಿತು. ಅವಳನ್ನು ಎತ್ತಿ ನಿಲ್ಲಿಸಿ, ಸೀರೆಯ ಮಣ್ಣು ಕೊಡವುತ್ತ ಕೇಳಿದೆ, ಆಯಿತಲ್ಲವ್ವಾ, ಇನ್ನು ತೀರಿತಲ್ಲ ಎಂದು.

ಅವ್ವ ಕುರ್ಪಿಯನ್ನು ಸೆರಗಿನಿಂದ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

"ಎಲ್ಲಿ ತೀರ್ತೈತಿ... ಇಸ್ಕೊಳ್ಳಾಕ ಅವ್ರ ಇರಬೇಕಲ್ಲ."